ಅಟ್ಟದ ಮೇಲೆ ಸಿಕ್ಕ ಅರ್ಧ ಚೆಂಡು

ಈ ಸಲದ ಅಂಕಣವನ್ನು ಪೂರ್ತಿ ಹಳೇ ಕಂಪ್ಯೂಟರ್‌ಗಳಿಗೇ ಬಿಟ್ಟಿದ್ದೇನೆ. ಕಾರಣ, ನಾಪೋಕ್ಲು ಕಡೆಯಿಂದ ಬಂದ ಒಂದು ಕಾಗದ ಮತ್ತು ಅದರ ಜೊತೆಗಿದ್ದ ಒಂದು ಫೋಟೊ. ಫೋಟೊವನ್ನು ಮಡಿಕೇರಿಯ ನನ್ನ ರಿಪೇರಿ ಅಂಗಡಿಯ ಗೋಡೆಗೆ ಅಂಟಿಸಿದ್ದೆ. ಬಂದವರೆಲ್ಲ ನಿಂತು ನೋಡಿದರು. ಕೆಲವರು ಮನೆಗೆ ಹೋಗಿ ತಮ್ಮ ಅಟ್ಟ, ಕಪಾಟು ಎಲ್ಲ ಹುಡುಕಿ ಮತ್ತೆ ಪ್ರಶ್ನೆ ಬರೆದು ಕಳಿಸಿದರು. ಎಲ್ಲವನ್ನೂ ಒಟ್ಟಿಗೆ ಕೊಟ್ಟಿದ್ದೇನೆ.

ಪುತ್ತರಿ ಹಬ್ಬಕ್ಕೆ ಮುಂಚೆ ನಮ್ಮ ಐನ್‌ಮನೆಯ, ಅಂದರೆ ಹಿರಿಯರ ಮನೆಯ, ಅಟ್ಟ ಗುಡಿಸುವಾಗ ಬೆಡ್‌ಶೀಟ್ ಸುತ್ತಿಟ್ಟ ಒಂದು ವಸ್ತು ಸಿಕ್ಕಿತು. ಕೆಳಗೆ ಬಿಳಿ ಅರ್ಧ ಚೆಂಡು, ಅದರ ನೆತ್ತಿಯಿಂದ ಹೊಳೆಯುವ ಸ್ಟೀಲ್ ಕೊಳವೆ, ಅದರ ತುದಿಗೆ ತೆಳ್ಳನೆ ಪರದೆ. ಮಕ್ಕಳು ಟೇಬಲ್ ಲ್ಯಾಂಪ್ ಅಂದರು. ಕಚ್ಚಿದ ಸೇಬಿನ ಗುರುತಿದೆ. ಹೊರದೇಶದಲ್ಲಿದ್ದ ಚಿಕ್ಕಪ್ಪ ತಂದ ಕಂಪ್ಯೂಟರ್ ಅಂತೆ. ಹಾಗಾದರೆ ಸಿಪಿಯು ಡಬ್ಬ ಎಲ್ಲಿ? ಯಾಕೆ ಇದನ್ನು ಹೀಗೆ ಮಾಡಿದರು?
— ಓದುಗರು, ನಾಪೋಕ್ಲು

ನಿಮಗೆ ಸಿಕ್ಕಿರುವುದು ಆ್ಯಪಲ್ ಕಂಪನಿಯ ಐಮ್ಯಾಕ್ ಜಿ4. 2002ರ ಜನವರಿ 7ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಇದನ್ನು ಮೊದಲು ತೋರಿಸಿದರು. ಆ ವಾರ ಟೈಮ್ ಪತ್ರಿಕೆಯ ಮುಖಪುಟದಲ್ಲೂ ಇದೇ ಇತ್ತು. ಡಬ್ಬ ಎಲ್ಲೂ ಕಳೆದಿಲ್ಲ. ಆ ಅರ್ಧ ಚೆಂಡೇ ಡಬ್ಬ. ಮದರ್‌ಬೋರ್ಡ್, ಹಾರ್ಡ್ ಡಿಸ್ಕ್, ಡಿಸ್ಕ್ ಓದುವ ಡ್ರೈವ್, ಕರೆಂಟ್ ಕೊಡುವ ಪವರ್ ಸಪ್ಲೈ, ಎಲ್ಲ ಅದರೊಳಗೇ ಒಂದರ ಮೇಲೊಂದು ಕೂತಿವೆ. ಚೆಂಡಿನ ಅಡ್ಡಳತೆ 27 ಸೆಂಟಿಮೀಟರ್ ಅಷ್ಟೇ. ಅಕ್ಕಿ ರೊಟ್ಟಿ ಬೇಯಿಸುವ ಹೆಂಚು ಇಡಲು ಎಷ್ಟು ಜಾಗ ಬೇಕೋ ಅಷ್ಟು ಸಾಕು.

ಯಾಕೆ ಹೀಗೆ ಮಾಡಿದರು ಅನ್ನೋದಕ್ಕೆ ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 2002ರಲ್ಲಿ ಮಡಿಕೇರಿಯ ಯಾವ ಸೈಬರ್ ಸೆಂಟರ್‌ಗೆ ಹೋದರೂ ಕಾಣುತ್ತಿದ್ದುದು ಮಾಸಲು ಬಣ್ಣದ ದೊಡ್ಡ ಮಾನಿಟರ್, ಮೇಜಿನ ಕೆಳಗೆ ಅದೇ ಬಣ್ಣದ ಡಬ್ಬ. ಹಿಂದೆ ಟಿ.ವಿ.ಯ ಹಾಗೆ ಉದ್ದ ಬೆನ್ನು. ಚಪ್ಪಟೆ ಪರದೆ ಆಗಷ್ಟೇ ಬರುತ್ತಿತ್ತು, ತುಂಬಾ ದುಬಾರಿ. ಎಷ್ಟು ದುಬಾರಿ ಅಂದರೆ, ಈ ಐಮ್ಯಾಕ್‌ಗೆ ಮೊದಲು 1,299 ಡಾಲರ್‌ನಿಂದ 1,799 ಡಾಲರ್‌ವರೆಗೆ ಬೆಲೆ ಇಟ್ಟಿದ್ದ ಕಂಪನಿ, ಪರದೆ ಮತ್ತು ಮೆಮೊರಿಯ ದರ ಏರಿತು ಅಂತ ಎರಡೇ ತಿಂಗಳಲ್ಲಿ 100 ಡಾಲರ್ ಜಾಸ್ತಿ ಮಾಡಿತು.

ಚಪ್ಪಟೆ ಪರದೆ ಕೈಗೆ ಬಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ಒಂದೇ ಉಪಾಯ. ಕಂಪ್ಯೂಟರನ್ನೂ ಚಪ್ಪಟೆ ಮಾಡಿ ಪರದೆಯ ಬೆನ್ನಿಗೆ ಅಂಟಿಸುವುದು. ಜೋನಾಥನ್ ಐವ್ ಅವರ ವಿನ್ಯಾಸ ತಂಡ ಮೊದಲು ಮಾಡಿದ್ದೂ ಅದನ್ನೇ. ಜಾಬ್ಸ್‌ಗೆ ಅದು ಹಿಡಿಸಲಿಲ್ಲ. ತೆಳ್ಳಗಿರುವ ಪರದೆಯ ಬೆನ್ನಿಗೆ ಭಾರ ಹೇರಿದರೆ ಅದು ತೆಳ್ಳಗಿದ್ದು ಏನು ಬಂತು? ಡಿಸ್ಕ್ ಡ್ರೈವ್ ಅನ್ನೋದು ಮಲಗಿ ತಿರುಗಬೇಕಾದ ವಸ್ತು, ಅದನ್ನು ಯಾಕೆ ನೇರ ನಿಲ್ಲಿಸಬೇಕು? ಇದು ಅವರ ಪ್ರಶ್ನೆ. ಐವ್ ಅವರನ್ನು ಮನೆಗೆ ಕರೆದು ತೋಟದಲ್ಲಿ ಸುತ್ತಾಡುತ್ತಾ ಮಾತಾಡಿದರು. ಜಾಬ್ಸ್ ಅವರ ಹೆಂಡತಿ ಲಾರೀನ್ ಆ ವರ್ಷ ತೋಟದ ತುಂಬ ಸೂರ್ಯಕಾಂತಿ ಬೆಳೆಸಿದ್ದರು. ಹೂವಿನ ತಲೆ ಬೇರೆ, ಕಾಂಡ ಬೇರೆ, ಬುಡ ಬೇರೆ. ಪರದೆಯೂ ಹಾಗೇ ಬುಡದಿಂದ ಬೇರೆಯಾಗಿ ನಿಂತರೆ ಹೇಗೆ ಅನ್ನುವ ಮಾತು ಅಲ್ಲೇ ಹುಟ್ಟಿತು. ಗುಂಡ್ಲುಪೇಟೆ ದಾರಿಯಲ್ಲಿ ಹೋದವರಿಗೆ ಆ ಹೂವಿನ ಹೊಲ ಗೊತ್ತಿರುತ್ತದೆ. ಒಂದು ಹೂವನ್ನು ಪಕ್ಕದಿಂದ ನೋಡಿ, ಆಮೇಲೆ ನಿಮ್ಮ ಕಂಪ್ಯೂಟರನ್ನು ಪಕ್ಕದಿಂದ ನೋಡಿ. ಅದೇ ಬಾಗು, ಅದೇ ಕೊರಳು.

ಆದರೆ ಇದನ್ನು ಬರೀ ಚೆಂದಕ್ಕೆ ಮಾಡಿದ್ದು ಅಂದುಕೊಳ್ಳಬೇಡಿ. ನಾನು ಇದನ್ನು ಇಷ್ಟು ಮೆಚ್ಚುವುದು ಇದರ ಒಂದೊಂದು ತಿರುವಿಗೂ ಒಂದು ಕೆಲಸ ಇದೆ ಅನ್ನುವ ಕಾರಣಕ್ಕೆ.

ಪರದೆಯನ್ನು ಎಡದಿಂದ ಬಲಕ್ಕೆ ಒಟ್ಟು ಅರ್ಧ ಸುತ್ತು ತಿರುಗಿಸಬಹುದು. ಕೆಳಗಿನ ಡಬ್ಬ ಚೌಕವಾಗಿದ್ದರೆ ತಗ್ಗಿಸಿದ ಪರದೆ ಅದರ ಮೂಲೆಗೆ ತಾಗುತ್ತಿತ್ತು. ಗುಂಡಗಿದ್ದರೆ ಮೂಲೆಯೇ ಇಲ್ಲ, ಯಾವ ಕಡೆ ತಿರುಗಿಸಿದರೂ ಅಂತರ ಒಂದೇ. ಇನ್ನು ಭಾರ. ಮೇಲೆ ಪರದೆ ಮುಂದಕ್ಕೆ ಚಾಚಿಕೊಂಡಾಗ ಯಂತ್ರ ಮಗುಚದೇ ಇರಬೇಕಾದರೆ ಕೆಳಗೆ ಗಟ್ಟಿ ತೂಕ ಬೇಕು. ಒಳಗಿನ ಭಾರವೆಲ್ಲ ಬುಡದಲ್ಲೇ ಇರುವುದರಿಂದ ಅದು ತಾನಾಗೇ ಸಿಕ್ಕಿತು. 15 ಇಂಚಿನ ಪರದೆಯ ಮಾದರಿ ಸುಮಾರು 9.7 ಕೆಜಿ ತೂಗುತ್ತದೆ. ಅಟ್ಟದಿಂದ ಇಳಿಸುವಾಗ ನಿಮಗೇ ಗೊತ್ತಾಗಿರಬೇಕು, ಭಾರ ಎಲ್ಲಿದೆ ಅಂತ.

ಬಿಸಿಗಾಳಿಯ ದಾರಿಯನ್ನೂ ನೋಡಿ. ಬುಡದ ಅಡಿಯಿಂದ ತಂಪು ಗಾಳಿ ಒಳಗೆ ಬರುತ್ತದೆ. ಕೊರಳಿನ ಸುತ್ತ ಸಣ್ಣ ಸಣ್ಣ ತೂತುಗಳ ಒಂದು ಬಳೆ ಇದೆಯಲ್ಲ, ಬಿಸಿಗಾಳಿ ಹೊರಗೆ ಹೋಗುವುದು ಅಲ್ಲಿಂದ. ಬಿಸಿ ಗಾಳಿ ಹೇಗೂ ಮೇಲಕ್ಕೇ ಏರುತ್ತದೆ, ಒಳಗಿರುವ ಒಂದೇ ಒಂದು ಫ್ಯಾನ್ ಅದನ್ನು ಮೆಲ್ಲಗೆ ತಳ್ಳಿದರೆ ಸಾಕು. ನಮ್ಮ ಹಳೇ ಹಂಚಿನ ಮನೆಗಳಲ್ಲಿ ಒಲೆಯ ಹೊಗೆಗೆ ಮೇಲೆ ಕಿಂಡಿ ಬಿಡುತ್ತಿದ್ದರಲ್ಲ, ಅದೇ ಲೆಕ್ಕ.

ಪರದೆಯ ಬಿಳಿ ಚೌಕಟ್ಟಿನ ಸುತ್ತ ಗಾಜಿನಂಥ ಒಂದು ಪಾರದರ್ಶಕ ಅಂಚು ಕಾಣುತ್ತದೆ. ಅದು ಅಲಂಕಾರ ಅಲ್ಲ, ಹಿಡಿದುಕೊಳ್ಳುವ ಜಾಗ. ಬೆರಳು ಪರದೆಗೆ ತಾಗದೆ ಅದನ್ನು ಎಳೆದುಕೊಳ್ಳಲಿ, ಎಳೆದುಕೊಳ್ಳಬೇಕು ಅಂತ ಅನ್ನಿಸಲಿ ಅಂತಲೇ ಇಟ್ಟಿದ್ದು. ಡಿಸ್ಕ್ ಹಾಕುವ ಬಾಗಿಲು ಎಲ್ಲಿ ಅಂತ ಹುಡುಕಿದ್ದೀರೇನೋ. ಚೆಂಡಿನ ಮುಂಭಾಗದಲ್ಲೇ ಇದೆ. ಕೀಬೋರ್ಡಿನ ಮೂಲೆಯ ಕೀಲಿ ಒತ್ತಿದರೆ ಸಣ್ಣ ಮುಚ್ಚಳ ಕೆಳಗೆ ಬಾಗಿ ಒಳಗಿಂದ ತಟ್ಟೆ ಹೊರಗೆ ಬರುತ್ತದೆ. ಮೊದಲ ಸಲ ನೋಡಿದಾಗ ನಾನು ಸುಮ್ನೆ ಹತ್ತು ಸಲ ಒಳಗೆ ಹೊರಗೆ ಮಾಡಿಸಿದ್ದೆ. ಕೇಬಲ್ ಚುಚ್ಚುವ ಜಾಗಗಳೆಲ್ಲ ಹಿಂಭಾಗದಲ್ಲಿ ಸಾಲಾಗಿವೆ, ಎದುರು ಕೂತವರಿಗೆ ಒಂದೂ ಕಾಣುವುದಿಲ್ಲ.

ಇದನ್ನು ಈಗಲೇ ಪ್ಲಗ್‌ಗೆ ಚುಚ್ಚಬೇಡಿ. ಯಾಕೆ ಅಂತ ಮುಂದೆ ಭಾಗಮಂಡಲದವರ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಗೋಡೆಯ ಮೇಲಿನ ಫೋಟೊ ನೋಡಿದೆ. ಅಷ್ಟು ಭಾರದ ಪರದೆ ಒಂದು ಕೊಳವೆಯ ಮೇಲೆ ಜಾರದೆ ಹೇಗೆ ನಿಲ್ಲುತ್ತದೆ? ಒಳಗೆ ಮೋಟರ್ ಇದೆಯಾ? ಬಿಚ್ಚಿ ನೋಡಬಹುದಾ?
— ಓದುಗರು, ಗೋಣಿಕೊಪ್ಪಲು

ಮೋಟರ್ ಇಲ್ಲ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್‌ನಲ್ಲಿ ರಸ್ತೆಗೆ ಅಡ್ಡ ಇರುವ ಕಂಬ ನೋಡಿದ್ದೀರಲ್ಲ. ಅಷ್ಟುದ್ದದ ಕಂಬವನ್ನು ಗಾರ್ಡ್ ಒಂದೇ ಕೈಯಲ್ಲಿ ಎತ್ತುತ್ತಾರೆ. ಇನ್ನೊಂದು ತುದಿಗೆ ಕಲ್ಲು ಕಟ್ಟಿರುವುದರಿಂದ ಭಾರ ಸರಿಸಮ. ಈ ಕೊರಳಿನಲ್ಲಿ ಆ ಕಲ್ಲಿನ ಕೆಲಸವನ್ನು ಒಳಗಿನ ಸ್ಪ್ರಿಂಗ್ ಮಾಡುತ್ತದೆ. ಪರದೆ ಎಷ್ಟು ಕೆಳಗೆ ಎಳೆಯುತ್ತದೋ ಸ್ಪ್ರಿಂಗ್ ಅಷ್ಟೇ ಮೇಲೆ ಎತ್ತುತ್ತದೆ. ಅದಕ್ಕೇ ಒಂದು ಬೆರಳಲ್ಲಿ ತಳ್ಳಿದರೆ ಚಲಿಸುತ್ತದೆ, ಬಿಟ್ಟ ಜಾಗದಲ್ಲಿ ನಿಲ್ಲುತ್ತದೆ. ಪರದೆಗೆ ಹೋಗುವ ತಂತಿಗಳೂ ಅದೇ ಕೊಳವೆಯ ಒಳಗೆ ಹಾದುಹೋಗುತ್ತವೆ.

ಬಿಚ್ಚಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಪರದೆಯನ್ನು ಕಳಚಿದ ಕ್ಷಣ ಸ್ಪ್ರಿಂಗ್‌ಗೆ ಎದುರು ಭಾರ ಇಲ್ಲ. ಕೊರಳು ಜೋರಾಗಿ ಮೇಲಕ್ಕೆ ಚಿಮ್ಮುತ್ತದೆ. ಮುಖ ಅಡ್ಡ ಇದ್ದರೆ ಗಾಯ ಆಗುವುದು ಖಂಡಿತ. ಕೊರಳು ಕಾಲಕ್ರಮೇಣ ಸಡಿಲವಾಗಿ ಪರದೆ ತಲೆ ತಗ್ಗಿಸಿದರೂ ಹಾಗೇ ಇಟ್ಟು ಬಳಸಿ. ಮೂರು ಗಾತ್ರದ ಪರದೆಗಳು ಬಂದವು, ಒಂದೊಂದರ ಭಾರ ಬೇರೆ ಬೇರೆ. ಹಾಗಾಗಿ ಒಂದರ ಕೊರಳು ಇನ್ನೊಂದಕ್ಕೆ ಹೊಂದುವುದಿಲ್ಲ. ಎತ್ತಿ ಇಡುವಾಗ ಕೊರಳು ಹಿಡಿದು ಎತ್ತುವ ಆಸೆ ಆಗುತ್ತದೆ. ಇಷ್ಟು ಹಳೆಯದಾದ ಮೇಲೆ ಬೇಡ. ಎರಡೂ ಕೈ ಬುಡದ ಅಡಿಗೆ ಕೊಟ್ಟು ಎತ್ತಿ.

ಪರದೆಯ ಹಿಂದೆಯೇ ಎಲ್ಲ ಇಡುವುದು ಬೇಡ ಅಂದರು ಅಂತ ಅಂಗಡಿಯಲ್ಲಿ ಹೇಳಿದಿರಿ. ಆದರೆ ಇವತ್ತಿನ ಐಮ್ಯಾಕ್‌ನಲ್ಲಿ ಎಲ್ಲ ಪರದೆಯ ಹಿಂದೆಯೇ ಇದೆ. ಹಾಗಾದರೆ ಸೂರ್ಯಕಾಂತಿ ತಪ್ಪು ದಾರಿ ಅಲ್ವಾ?
— ವಿದ್ಯಾರ್ಥಿನಿ, ಪೊನ್ನಂಪೇಟೆ

ಒಳ್ಳೆಯ ಪ್ರಶ್ನೆ, ಸ್ವಲ್ಪ ಹೊತ್ತು ಯೋಚನೆ ಮಾಡಿಸಿತು.

ಮೊದಲು 15 ಇಂಚು ಬಂತು. 2002ರ ಜುಲೈನಲ್ಲಿ 17 ಇಂಚಿನ ಅಗಲ ಪರದೆ ಬಂತು, 2003ರ ನವೆಂಬರ್‌ನಲ್ಲಿ 20 ಇಂಚು. 20 ಇಂಚಿನ ಯಂತ್ರದ ತೂಕ ಸುಮಾರು 18 ಕೆಜಿ. ಅಂದರೆ ಪರದೆ ಐದು ಇಂಚು ದೊಡ್ಡದಾದಾಗ ಯಂತ್ರದ ತೂಕ ಹೆಚ್ಚುಕಡಿಮೆ ಎರಡರಷ್ಟಾಯಿತು. ಪರದೆ ದೊಡ್ಡದಾದಷ್ಟೂ ಅದನ್ನು ತಡೆಯಲು ಬುಡದಲ್ಲಿ ಭಾರ ಬೇಕು, ಕೊರಳಿನಲ್ಲಿ ಇನ್ನೂ ಗಟ್ಟಿ ಸ್ಪ್ರಿಂಗ್ ಬೇಕು. ಜನ ಕೇಳುತ್ತಿದ್ದುದು ದೊಡ್ಡ ಪರದೆ. ಹೀಗಿರುವಾಗ ಈ ರೂಪಕ್ಕೆ ಬೆಳೆಯಲು ದಾರಿ ಇರಲಿಲ್ಲ ಅಂತ ನನ್ನ ಅಭಿಪ್ರಾಯ. 2004ರ ಆಗಸ್ಟ್ 31ರಂದು ಐಮ್ಯಾಕ್ ಜಿ5 ಬಂತು. ಅದರಲ್ಲಿ ಎಲ್ಲ ಪರದೆಯ ಬೆನ್ನಿಗೇ ಹೋಯಿತು, ದಪ್ಪ ಎರಡು ಇಂಚು. ಅಂದರೆ ಸೂರ್ಯಕಾಂತಿಗೆ ಮುಂಚೆ ಬೇಡ ಅಂದಿದ್ದ ಉಪಾಯವೇ ವಾಪಸ್ ಬಂತು.

ಆದರೂ ತಪ್ಪು ದಾರಿ ಅನ್ನಲಾರೆ. ಇವತ್ತಿನ ಐಮ್ಯಾಕ್ ತುಂಬಾ ಚೆಲುವಾಗಿದೆ, ಆದರೆ ನಮ್ಮ ಅಂಗಡಿಗೆ ಬರುವ ಅಂಥ ಯಂತ್ರಗಳನ್ನು ಬಳಸುವವರು ಪರದೆಯ ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟುಕೊಂಡಿರುತ್ತಾರೆ. ಯಾಕೆಂದರೆ ಅದರ ಎತ್ತರ ಬದಲಾಯಿಸಲು ಆಗುವುದಿಲ್ಲ. ಸೂರ್ಯಕಾಂತಿಯಲ್ಲಿ ಅಜ್ಜನಿಗೆ ಒಂದು ಎತ್ತರ, ಮೊಮ್ಮಗಳಿಗೆ ಒಂದು ಎತ್ತರ, ಒಂದೇ ತಳ್ಳಿಗೆ ಸರಿಯಾಗುತ್ತಿತ್ತು. ಯಂತ್ರ ಮನುಷ್ಯನ ಕಡೆಗೆ ಬಾಗುತ್ತಿತ್ತು. ಆ ಗುಣ ಬಿಟ್ಟಿದ್ದು ನನಗೆ ಇವತ್ತಿಗೂ ನಷ್ಟ ಅಂತಲೇ ಅನ್ನಿಸುತ್ತದೆ.

ನಮ್ಮ ಮನೆ ಇರುವ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಮಾವನ ಹಳೇ ಕಂಪ್ಯೂಟರ್ ಒಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಟ್ಟಿಯಾಗಿ ಕಟ್ಟಿ ಇಟ್ಟಿದ್ದೇವೆ. ಸರಿ ತಾನೆ? ಮತ್ತೆ ಆನ್ ಮಾಡುವುದು ಹೇಗೆ?
— ಓದುಗರು, ಭಾಗಮಂಡಲ

ಇವತ್ತೇ ಆ ಪ್ಲಾಸ್ಟಿಕ್ ಬಿಚ್ಚಿ. ದಯವಿಟ್ಟು. ಕಟ್ಟಿದ ದಿನ ಒಳಗಿದ್ದ ಗಾಳಿಯಲ್ಲೇ ತೇವ ಇತ್ತು, ಅದಕ್ಕೆ ಈಗ ಹೊರಗೆ ಹೋಗಲು ದಾರಿ ಇಲ್ಲ. ರಾತ್ರಿ ತಂಪಾದಾಗ ಅದು ಲೋಹದ ಮೇಲೆ ನೀರಾಗಿ ಕೂರುತ್ತದೆ. ಒಣ ಊರಿನಲ್ಲಿ ಪ್ಲಾಸ್ಟಿಕ್ ಧೂಳು ತಡೆಯುತ್ತದೆ, ನಮ್ಮಲ್ಲಿ ಅದು ಬೂಷ್ಟು ಬೆಳೆಸುತ್ತದೆ. ಹತ್ತಿ ಬಟ್ಟೆ ಹೊದಿಸಿ, ಸಾಕು. ನೆಲದ ಮೇಲೆ ಬೇಡ, ಮಣ್ಣಿನ ಗೋಡೆಗೆ ತಾಗಿಸಿಯೂ ಬೇಡ. ನಾಪೋಕ್ಲುವಿನ ಚಿಕ್ಕಪ್ಪ ಬೆಡ್‌ಶೀಟ್ ಸುತ್ತಿ ಅಟ್ಟದ ಮೇಲೆ ಇಟ್ಟರಲ್ಲ, ಕೆಳಗೆ ಒಲೆ ಉರಿಯುವ ಮನೆಯಾಗಿದ್ದರೆ ಅದು ಇಡೀ ಮನೆಯಲ್ಲೇ ಒಣ ಜಾಗ. ಹೊಗೆ ತಾಗದಿದ್ದರೆ ಮಾತ್ರ.

ಮಳೆಗಾಲಕ್ಕೆ ನಮ್ಮ ಕಡೆ ಒಂದು ಹಳೇ ಉಪಾಯ ಇದೆ, ರೇಷ್ಮೆ ಸೀರೆ ಇಡುವ ಬೀರುವಿನೊಳಗೆ ಸಣ್ಣ ಬಲ್ಬ್ ಉರಿಸುವುದು. ಹಳೇ ರೀತಿಯ ತಂತಿ ಬಲ್ಬ್ ಬೇಕು, ಎಲ್‌ಇಡಿಯಲ್ಲಿ ಅಷ್ಟು ಬಿಸಿ ಬರುವುದಿಲ್ಲ. ಬಟ್ಟೆಗೂ ಪ್ಲಾಸ್ಟಿಕ್‌ಗೂ ತಾಗದ ಹಾಗೆ ಇಟ್ಟರೆ ಕಂಪ್ಯೂಟರ್ ಇಟ್ಟ ಕಪಾಟಿಗೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಸಿಲಿಕಾ ಜೆಲ್ ಇಡುವುದಾದರೆ ಬಣ್ಣ ಬದಲಾಗುವಂಥದ್ದು ತನ್ನಿ. ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು, ಆದರೆ ಅದಕ್ಕೆ ಅಡುಗೆ ಪಾತ್ರೆ ಬಳಸಬೇಡಿ. ಎಲ್ಲಕ್ಕಿಂತ ಒಳ್ಳೆಯದು ಅಂದರೆ ಕೆಲಸ ಮಾಡುವ ಯಂತ್ರವನ್ನು ದಿನಕ್ಕೆ ಅರ್ಧ ಗಂಟೆ ಓಡಿಸುವುದು. ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ನನ್ನದೇ ಐಮ್ಯಾಕ್ ಜಿ4 ಹೀಗೇ ಎಷ್ಟೋ ಮಳೆಗಾಲ ದಾಟಿದೆ.

ಇನ್ನು ವರ್ಷಗಟ್ಟಲೆ ಸುಮ್ಮನಿದ್ದದ್ದನ್ನು ಆನ್ ಮಾಡುವುದು. ಮೊದಲು ಮೂಸಿ ನೋಡಿ. ಮೀನಿನಂಥ, ಹುಳಿ ಹುಳಿ ವಾಸನೆ ಬಂದರೆ ಒಳಗೆ ಕೆಪಾಸಿಟರ್ ಒಡೆದು ರಸ ಸೋರಿರಬಹುದು. ಗಾಳಿ ತೂತುಗಳಿಗೆ ಟಾರ್ಚ್ ಹಾಕಿ ನೋಡಿ. ಇರುವೆ ಗೂಡು, ಹಲ್ಲಿ ಮೊಟ್ಟೆ, ಕಣಜ ಕಟ್ಟಿದ ಮಣ್ಣು, ಎಲ್ಲವನ್ನೂ ನಾನು ತೆಗೆದಿದ್ದೇನೆ. ಬಿಸಿಲು ಬಂದ ಮೇಲೆ ಒಂದು ವಾರ ಒಣ ಕೋಣೆಯಲ್ಲಿ ಹಾಗೇ ಬಿಡಿ, ನೇರ ಬಿಸಿಲಿಗೆ ಮಾತ್ರ ಬೇಡ. ಆಮೇಲೆ ಮೊದಲ ಸಲ ಕರೆಂಟ್ ಕೊಡುವಾಗ ನಾನು ಅಂಗಡಿಯಲ್ಲಿ ಸೀರೀಸ್ ಬಲ್ಬ್, ಅಂದರೆ ಕರೆಂಟ್ ಬರುವ ದಾರಿಯ ನಡುವೆಯೇ ಜೋಡಿಸಿದ ಬಲ್ಬ್, ಹಾಕಿ ಕೊಡುತ್ತೇನೆ. ಒಳಗೆ ಶಾರ್ಟ್ ಆಗಿದ್ದರೆ ಬಲ್ಬ್ ಪೂರ್ತಿ ಹೊತ್ತಿಕೊಳ್ಳುತ್ತದೆ, ಯಂತ್ರ ಉಳಿಯುತ್ತದೆ. ನಿಮ್ಮ ಊರಿನ ಎಲೆಕ್ಟ್ರಿಷಿಯನ್ ಬಳಿಯೂ ಅದು ಇರುತ್ತದೆ, ಇದನ್ನು ಅವರ ಕೈಯಲ್ಲೇ ಮಾಡಿಸಿ.

ಬ್ಯಾಟರಿ ಮರೆಯಬೇಡಿ. ಹಳೇ ಯಂತ್ರಗಳ ಒಳಗೆ ಗಡಿಯಾರ ನಡೆಸಲು ಒಂದು ಸಣ್ಣ ಬ್ಯಾಟರಿ ಇರುತ್ತದೆ. ಅದು ಸೋರಿದರೆ ಬೋರ್ಡನ್ನೇ ತಿಂದುಹಾಕುತ್ತದೆ. ನಾನು ನೋಡಿದ ಹಳೇ ಕಂಪ್ಯೂಟರ್‌ಗಳಲ್ಲಿ ಮಳೆಯಿಂದ ಸತ್ತವುಗಳಷ್ಟೇ ಬ್ಯಾಟರಿಯಿಂದ ಸತ್ತವೂ ಇವೆ. ಐಮ್ಯಾಕ್ ಜಿ4ನಲ್ಲಿ ಇರುವುದು 3.6 ವೋಲ್ಟ್‌ನ ಅರ್ಧ ಗಾತ್ರದ ಲಿಥಿಯಂ ಸೆಲ್. ಅದು ಖಾಲಿಯಾದರೆ ದಿನಾಂಕ ತಪ್ಪು ತೋರಿಸುತ್ತದೆ.

ಆದರೆ ಆ ಸೆಲ್ ಬದಲಾಯಿಸುವಾಗ ಒಂದು ಸೂಕ್ಷ್ಮ ಇದೆ, ಇದನ್ನು ಗೊತ್ತಿಲ್ಲದೆ ತುಂಬಾ ಜನ ಯಂತ್ರ ಕೆಡಿಸಿಕೊಂಡಿದ್ದಾರೆ. ಬುಡದ ಅಡಿಯ ಮೊದಲ ತಟ್ಟೆ ತೆಗೆದರೆ ಮೆಮೊರಿ ಹಾಕುವ ಒಂದು ಜಾಗ ಸಿಗುತ್ತದೆ, ಅಲ್ಲಿವರೆಗೆ ತೊಂದರೆ ಇಲ್ಲ. ಅದಕ್ಕೂ ಒಳಗಿನ ಭಾಗ ಬಿಚ್ಚಿದರೆ ಪ್ರೊಸೆಸರ್‌ನ ಬಿಸಿಯನ್ನು ಮೇಲಕ್ಕೆ ಸಾಗಿಸುವ ಲೋಹದ ಜೋಡಣೆ ಬಿಟ್ಟುಹೋಗುತ್ತದೆ. ಮತ್ತೆ ಮುಚ್ಚುವಾಗ ಹಳೇ ಪೇಸ್ಟ್ ಒರೆಸಿ ಹೊಸ ಥರ್ಮಲ್ ಪೇಸ್ಟ್ ಹಚ್ಚಲೇಬೇಕು. ಹಚ್ಚದೆ ಮುಚ್ಚಿದರೆ ಯಂತ್ರ ಕಾದು ಸಾಯುತ್ತದೆ. ನನಗೆ ಬಂದ ಒಂದು ಯಂತ್ರಕ್ಕೆ ಹೀಗೇ ಆಗಿತ್ತು, ಬೇರೆ ಕಡೆ ರಿಪೇರಿ ಮಾಡಿದವರು ಪೇಸ್ಟ್ ಹಚ್ಚಿರಲಿಲ್ಲ. ಅದನ್ನು ಉಳಿಸಲು ಆಗಲಿಲ್ಲ.

ಕೊನೆಗೆ ಸಿಡಿಲು. ಹೂಮಳೆ ಬರುವ ಮಾರ್ಚ್, ಏಪ್ರಿಲ್‌ನಲ್ಲಿ ಗುಡುಗು ಜಾಸ್ತಿ. ಆ ಕಾಲದ ಯಂತ್ರಗಳಲ್ಲಿ ಟೆಲಿಫೋನ್ ತಂತಿ ಚುಚ್ಚುವ ಮೋಡೆಮ್ ಕೂಡ ಇರುತ್ತಿತ್ತು. ಕರೆಂಟ್ ಪ್ಲಗ್ ತೆಗೆದು ಫೋನ್ ತಂತಿ ಮರೆತು ಎಷ್ಟೋ ಮನೆಗಳಲ್ಲಿ ಮೋಡೆಮ್ ಸುಟ್ಟಿದೆ. ಮೋಡ ಕವಿದರೆ ಎಲ್ಲ ತಂತಿ ಕಳಚಿ.

ನಮ್ಮ ಬಳಿ ಕಿತ್ತಳೆ ಬಣ್ಣದ, ಒಳಗೆಲ್ಲ ಕಾಣುವ, ದಪ್ಪ ಹೊಟ್ಟೆಯ ಆ್ಯಪಲ್ ಕಂಪ್ಯೂಟರ್ ಇದೆ. ಮೇಲೆ ಹಿಡಿಕೆಯೂ ಇದೆ. ಇದೂ ಅಪರೂಪದ್ದಾ? ಹೊಟ್ಟೆ ಯಾಕೆ ಅಷ್ಟು ದಪ್ಪ?
— ಓದುಗರು, ಸೋಮವಾರಪೇಟೆ

ಇದು ನಾಪೋಕ್ಲುವಿನ ಯಂತ್ರದ ಅಣ್ಣ, ಐಮ್ಯಾಕ್ ಜಿ3. 1998ರ ಆಗಸ್ಟ್‌ನಲ್ಲಿ ಮೊದಲು ಬಂದದ್ದು ಸಮುದ್ರದ ನೀಲಿ ಹಸಿರು ಬಣ್ಣದಲ್ಲಿ. 1999ರ ಜನವರಿಯಲ್ಲಿ ಐದು ಬಣ್ಣ ಬಂದವು, ಐದಕ್ಕೂ ಹಣ್ಣಿನ ಹೆಸರು: ಬ್ಲೂಬೆರಿ, ಗ್ರೇಪ್, ಟ್ಯಾಂಜರಿನ್, ಲೈಮ್, ಸ್ಟ್ರಾಬೆರಿ. ನಿಮ್ಮದು ಟ್ಯಾಂಜರಿನ್. ಟ್ಯಾಂಜರಿನ್ ಅಂದರೆ ಸಿಪ್ಪೆ ಸಡಿಲವಾಗಿರುವ ಕಿತ್ತಳೆ, ನಮ್ಮ ಕೊಡಗಿನ ಕಿತ್ತಳೆಯ ಬಳಗದ್ದೇ. ಕಾಫಿ ತೋಟದ ನೆರಳಲ್ಲಿ ಹಣ್ಣಾದ ಕಿತ್ತಳೆಯನ್ನು ಬಿಸಿಲಿಗೆ ಹಿಡಿದರೆ ಆ ಬಣ್ಣವೇ ಕಾಣುತ್ತದೆ.

ಹೊಟ್ಟೆ ದಪ್ಪ ಇರುವುದು ಒಳಗೆ ಟಿ.ವಿ.ಯಂಥ ಗಾಜಿನ ಪಿಕ್ಚರ್ ಟ್ಯೂಬ್ ಇರುವುದರಿಂದ. ಟ್ಯೂಬಿಗೆ ಹಿಂದಕ್ಕೆ ಉದ್ದ ಬೇಕೇ ಬೇಕು. ಅದನ್ನು ಚೌಕ ಡಬ್ಬದಲ್ಲಿ ಬಚ್ಚಿಡುವ ಬದಲು ಅದರ ಆಕಾರಕ್ಕೇ ಅಂಗಿ ಹೊಲಿದ ಹಾಗೆ ಕವಚ ಮಾಡಿದರು. ಹಿಡಿಕೆ ಇದ್ದರೂ ತೂಕ ಸುಮಾರು 17 ಕೆಜಿ, ಯಾರೂ ದಿನಾ ಹೊತ್ತು ತಿರುಗುವುದಿಲ್ಲ. ಹಿಡಿಕೆ ಇಟ್ಟಿದ್ದು ಬೇರೆ ಕಾರಣಕ್ಕೆ. ಕಂಪ್ಯೂಟರ್ ಅಂದರೆ ಹೆದರುವವರಿಗೆ, ನನ್ನನ್ನು ಮುಟ್ಟಬಹುದು ಅಂತ ಅದು ಹೇಳುವ ಹಾಗಿರಬೇಕು ಅನ್ನುವುದು ಐವ್ ಅವರ ಯೋಚನೆ. ಆ ಯೋಚನೆಯೇ ನಾಲ್ಕು ವರ್ಷದ ನಂತರ ಸೂರ್ಯಕಾಂತಿಯ ಪಾರದರ್ಶಕ ಅಂಚಾಗಿ ಬಂತು ಅಂತ ನಾನು ನೋಡುತ್ತೇನೆ.

ಇದನ್ನಂತೂ ಮನೆಯಲ್ಲಿ ಬಿಚ್ಚಲೇಬೇಡಿ. ಪಿಕ್ಚರ್ ಟ್ಯೂಬ್ ಆಫ್ ಮಾಡಿದ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಪ್ಲಾಸ್ಟಿಕ್ ಕೂಡ ಹಳೆಯದಾಗಿ ಹಪ್ಪಳದ ಹಾಗೆ ಮುರಿಯುತ್ತದೆ.

ಗಾಜಿನೊಳಗೆ ತೇಲುವ ಹಾಗೆ ಕಾಣುವ ಚೌಕ ಕಂಪ್ಯೂಟರ್ ಒಂದರ ಚಿತ್ರ ನೋಡಿದೆ. ಅಷ್ಟು ಚೆನ್ನಾಗಿದ್ದರೂ ಅದು ಒಂದೇ ವರ್ಷಕ್ಕೆ ನಿಂತಿತು ಅಂತಾರೆ. ಯಾಕೆ?
— ಓದುಗರು, ವಿರಾಜಪೇಟೆ

ಅದು ಆ್ಯಪಲ್‌ನದೇ ಪವರ್ ಮ್ಯಾಕ್ ಜಿ4 ಕ್ಯೂಬ್. 2000ದ ಜುಲೈನಲ್ಲಿ ಬಂತು, 2001ರ ಜುಲೈನಲ್ಲಿ ತಯಾರಿ ನಿಲ್ಲಿಸಿದರು. ಎಂಟು ಇಂಚಿನ ಚೌಕ, ಅದನ್ನು ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಯೊಳಗೆ ನೆಲಕ್ಕೆ ತಾಗದ ಹಾಗೆ ತೂಗುಹಾಕಿದ್ದರು. ಫ್ಯಾನ್ ಇಲ್ಲ. ಒಳಗೆ ನಡುವೆ ಚಿಮಣಿಯಂಥ ಖಾಲಿ ಜಾಗ, ಬಿಸಿಗಾಳಿ ತಾನಾಗೇ ಮೇಲೆ ಹೋಗಬೇಕು. ಮಗುಚಿ ಹಿಡಿದು ಅಡಿಯ ಹಿಡಿಕೆ ಎಳೆದರೆ ಇಡೀ ಯಂತ್ರ ಕವಚದಿಂದ ಹೊರಗೆ ಬರುತ್ತದೆ. ರಿಪೇರಿ ಮಾಡುವವನಾಗಿ ಹೇಳುತ್ತೇನೆ, ಇಷ್ಟು ಸುಲಭವಾಗಿ ಬಿಚ್ಚಿಕೊಳ್ಳುವ ಕಂಪ್ಯೂಟರ್ ತೀರಾ ಕಡಿಮೆ.

ನಿಂತದ್ದು ಯಾಕೆ ಅಂದರೆ ಬೆಲೆ. ಪರದೆ ಇಲ್ಲದೆ 1,799 ಡಾಲರ್. ಇದಕ್ಕಿಂತ ಕಡಿಮೆ ದುಡ್ಡಿಗೆ ಹೆಚ್ಚು ಜಾಗ ಇರುವ ದೊಡ್ಡ ಡಬ್ಬ ಅದೇ ಕಂಪನಿಯಲ್ಲಿ ಸಿಗುತ್ತಿತ್ತು. ಜೊತೆಗೆ ಅಕ್ರಿಲಿಕ್‌ನಲ್ಲಿ ಬಿರುಕಿನಂಥ ಗೆರೆಗಳು ಕಾಣುತ್ತವೆ ಅಂತ ಕೊಂಡವರು ದೂರಿದರು. ಆನ್ ಮಾಡುವುದು ಸ್ಪರ್ಶದಿಂದ, ಕೈ ಹತ್ತಿರ ಸುಳಿದರೂ ಆನ್ ಆಗುತ್ತಿತ್ತು. ಈಗ ಅದು ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಸಂಗ್ರಹದಲ್ಲಿದೆ.

ಫ್ಯಾನ್ ಸದ್ದು ಜಾಬ್ಸ್‌ಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. 1980ರಲ್ಲಿ ಬಂದ ಆ್ಯಪಲ್ 3ರಲ್ಲೂ ಫ್ಯಾನ್ ಇರಲಿಲ್ಲ. ಅದರಲ್ಲಿ ಚಿಪ್‌ಗಳು ತಮ್ಮ ಜಾಗದಿಂದ ಸಡಿಲವಾಗುತ್ತಿದ್ದವು. ಯಂತ್ರವನ್ನು ಒಂದೆರಡು ಇಂಚು ಎತ್ತಿ ಮೇಜಿನ ಮೇಲೆ ಬಿಡಿ, ಚಿಪ್ ಮತ್ತೆ ಕೂರುತ್ತದೆ ಅಂತ ಗ್ರಾಹಕರಿಗೆ ಹೇಳಬೇಕಾಯಿತು. 1984ರ ಮೊದಲ ಮ್ಯಾಕಿಂಟಾಶ್‌ನಲ್ಲೂ ಫ್ಯಾನ್ ಇಲ್ಲ. ಕ್ಯೂಬ್ ಆದಮೇಲೆ ಬಂದ ಸೂರ್ಯಕಾಂತಿಯಲ್ಲಿ ಒಂದು ಫ್ಯಾನ್ ಇಟ್ಟರು, ಆದರೆ ಗಾಳಿಯ ದಾರಿ ಸರಿ ಮಾಡಿ ಮೆಲ್ಲಗೆ ತಿರುಗುವ ಹಾಗೆ ಇಟ್ಟರು. ಹಟ ಬಿಟ್ಟು ಸರಿ ದಾರಿ ಹಿಡಿದದ್ದು ನನಗೆ ಇಷ್ಟವಾಗುತ್ತದೆ.

ಐಮ್ಯಾಕ್ ಜಿ4 ಸಿಕ್ಕರೆ ಇವತ್ತು ಏನಾದರೂ ಕೆಲಸಕ್ಕೆ ಬರುತ್ತದಾ?
— ಓದುಗರು, ಕುಶಾಲನಗರ

ಇಂಟರ್ನೆಟ್‌ಗೆ ಬರುವುದಿಲ್ಲ. ಇವತ್ತಿನ ಹೆಚ್ಚಿನ ಜಾಲತಾಣಗಳು ಅದರಲ್ಲಿ ತೆರೆಯುವುದೇ ಇಲ್ಲ. ಬ್ಯಾಂಕ್ ಕೆಲಸಕ್ಕಂತೂ ಬೇಡವೇ ಬೇಡ. ಮೊದಲ ಮಾದರಿಗಳು 700, 800 ಮೆಗಾಹರ್ಟ್ಸ್ ವೇಗದವು, ಯಂತ್ರ ನಡೆಸುವ ಮ್ಯಾಕ್ ಓಎಸ್ ತಂತ್ರಾಂಶದಲ್ಲಿ ಅವುಗಳಿಗೆ ಟೈಗರ್ 10.4 ಕೊನೆ. ಅದರ ಮುಂದಿನ ಲೆಪರ್ಡ್ 10.5 ಹಾಕಲು ಕನಿಷ್ಠ 867 ಮೆಗಾಹರ್ಟ್ಸ್ ಬೇಕು. ಆದರೆ ಹಳೇ ಸಿ.ಡಿ. ಕೇಳಲು, ಹಳೇ ಮದುವೆ ಫೋಟೊ ನೋಡಲು, ಮಕ್ಕಳಿಗೆ ಚಿತ್ರ ಬಿಡಿಸಲು, ಯಾವ ಅಡ್ಡಿಯೂ ಇಲ್ಲದೆ ಕೂತು ಬರೆಯಲು ಈಗಲೂ ಚೆನ್ನಾಗಿದೆ. ಹಳೇ ಪರದೆ ಆನ್ ಮಾಡಿದಾಗ ಸ್ವಲ್ಪ ಹೊತ್ತು ಕೆಂಪಗೆ ಮಂಕಾಗಿ ಕಾಣಬಹುದು. ಒಳಗಿನ ದೀಪಕ್ಕೆ ವಯಸ್ಸಾಗಿದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ.

ಗುಜರಿಯವರು ಬಂದಿದ್ದರು. ತೂಕದ ಲೆಕ್ಕದಲ್ಲಿ ಕೊಡಿ ಅಂತಾರೆ. ನಮ್ಮದೂ ಅರ್ಧ ಚೆಂಡಿನದ್ದೇ, ಆನ್ ಆಗುವುದಿಲ್ಲ. ಕೊಟ್ಟುಬಿಡಲಾ?
— ಓದುಗರು, ಸಿದ್ದಾಪುರ

ಕೊಡಬೇಡಿ. ಕೈಮುಗಿದು ಕೇಳುತ್ತೇನೆ.

ಆನ್ ಆಗದಿದ್ದರೂ ಅದರ ಪರದೆ ಇನ್ನೊಂದನ್ನು ಉಳಿಸಬಹುದು, ಅದರ ಪವರ್ ಸಪ್ಲೈ ಮತ್ತೊಂದನ್ನು. ಈ ಯಂತ್ರದ ಭಾಗಗಳನ್ನು ಈಗ ಯಾರೂ ತಯಾರಿಸುವುದಿಲ್ಲ. ಸತ್ತ ಒಂದು ಯಂತ್ರದಿಂದಲೇ ಬದುಕಿರುವ ಇನ್ನೊಂದಕ್ಕೆ ಭಾಗ ಸಿಗಬೇಕು. ಅದೂ ಅಲ್ಲದೆ ಹಾರ್ಡ್ ಡಿಸ್ಕ್‌ನಲ್ಲಿ ನಿಮ್ಮ ಮನೆಯವರ ಫೋಟೊ, ಕಾಗದಪತ್ರ ಇನ್ನೂ ಇರಬಹುದು. ಯಂತ್ರ ಸತ್ತಿದ್ದರೂ ಡಿಸ್ಕ್ ಸಾಮಾನ್ಯವಾಗಿ ಓದಲು ಸಿಗುತ್ತದೆ. ಅದನ್ನು ತೆಗೆಸಿ ನಕಲು ಮಾಡಿಸಿಕೊಳ್ಳದೆ ಯಾರ ಕೈಗೂ ಕೊಡಬೇಡಿ.

ಮಳೆ ನಿಂತ ಮೇಲೆ ಒಂದು ದಿನ ಮಡಿಕೇರಿಗೆ ತನ್ನಿ. ಜೀಪಿನ ಹಿಂದಿನ ಸೀಟಿನಲ್ಲಿ, ಪರದೆಯನ್ನು ಕೆಳಕ್ಕೆ ಬಾಗಿಸಿ, ಸುತ್ತ ದಿಂಬು ಇಟ್ಟು ತನ್ನಿ. ನಮ್ಮ ರಸ್ತೆ ಗೊತ್ತಲ್ಲ. ನಾಪೋಕ್ಲುವಿನವರೂ ತರುತ್ತೇವೆ ಅಂದಿದ್ದಾರೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು, ಸೀರೀಸ್ ಬಲ್ಬ್ ಹಾಕಿ, ಒಂದೊಂದಾಗಿ ನೋಡೋಣ.